ರಾತ್ರಿ ಗಾಡಿ ನಿಲ್ಲಿಸಿ ಚಾಸಿ ನಂಬರ್ ನೋಡುತ್ತಾರೆ, ನಾನೇನು ಕಳ್ಳನಾ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ತೊಗರಿ ವ್ಯಾಪಾರ ಮಾಡುತ್ತೇನೆ. ಒಂದೂವರೆ ವರ್ಷದ ಹಿಂದೆ ಹೈದರಾಬಾದ್‌ನ ಒಬ್ಬ ದಲ್ಲಾಳಿ ಮೂಲಕ ಬಿಳಿ ಬಣ್ಣದ ಸೆಕೆಂಡ್ ಹ್ಯಾಂಡ್ ಕ್ರೆಟಾ ಕೊಂಡೆ. ತೆಲಂಗಾಣದ ಟಿಎಸ್ ನಂಬರ್ ಇದೆ. ಆರ್‌ಸಿ ಇನ್ನೂ ಹಳೆ ಮಾಲೀಕರ ಹೆಸರಿನಲ್ಲೇ ಇದೆ. ಮಾಲೀಕತ್ವ ಬದಲಿಸುವುದಕ್ಕೆ ಅವರು ಸಹಿ ಮಾಡಿಕೊಟ್ಟ ಫಾರ್ಮ್ 29, ಫಾರ್ಮ್ 30 ಮತ್ತು ಬಾಂಡ್ ಪೇಪರ್ ಕರಾರು ನನ್ನ ಹತ್ತಿರ ಇವೆ. ಈಚೆಗೆ ಹುಮನಾಬಾದ್, ಬೀದರ್ ಕಡೆ ರಾತ್ರಿ ಹೋಗುವಾಗ ಮೂರು ಸಲ ಪೊಲೀಸರು ನಿಲ್ಲಿಸಿದರು. ಕೊನೆಯ ಸಲ ಬಾನೆಟ್ ತೆಗೆಸಿ, ಟಾರ್ಚ್ ಹಿಡಿದು, ಚಾಸಿ ನಂಬರ್ ಫೋಟೋ ತೆಗೆದುಕೊಂಡರು. ‘ಒಂದು ಅಂಕಿ ಮಸುಕಾಗಿದೆ, ಗಾಡಿ ಯಾರದು?’ ಎಂದು ಕೇಳಿದರು. ಹೆಂಡತಿ, ಮಕ್ಕಳು ಒಳಗೇ ಕೂತಿದ್ದರು. ತುಂಬಾ ಅವಮಾನವಾಯಿತು. ನಿಯಮ ಮುರಿಯದೆ ಯಾರನ್ನೂ ನಿಲ್ಲಿಸುವಂತಿಲ್ಲ, ಮುಂದಿನ ಸಲ ನಿಲ್ಲಿಸದೆ ಹೋಗಿಬಿಡು ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಇದೆಲ್ಲ ದುಡ್ಡಿಗಾಗಿ ಎಂದು ಇನ್ನೊಬ್ಬ ಹೇಳುತ್ತಾನೆ. ನನ್ನ ಗಾಡಿ ಕಳ್ಳಮಾಲಾ? ಮಾರಿಬಿಡಲಾ? ಹೆಂಡತಿ ಒಬ್ಬಳೇ ಓಡಿಸಿಕೊಂಡು ಹೋಗುವಾಗ ನಿಲ್ಲಿಸಿದರೆ ಏನು ಮಾಡಬೇಕು?

ಉತ್ತರ: ಮಕ್ಕಳ ಎದುರಿಗೆ ‘ಗಾಡಿ ಯಾರದು’ ಎಂದು ಕೇಳಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಪೊಲೀಸ್ ಇಲಾಖೆಯ ಅಪರಾಧ ವಿಭಾಗದಲ್ಲಿ, ಹೆಚ್ಚಾಗಿ ನಮ್ಮ ಕಲಬುರಗಿ, ಬೀದರ್ ಭಾಗದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ರಸ್ತೆಗೆ ಬ್ಯಾರಿಕೇಡ್ ಹಾಕಿ ಗಾಡಿ ತಪಾಸಣೆ ಮಾಡುವ ನಾಕಾಬಂದಿಯಲ್ಲಿ ಟಾರ್ಚ್ ಹಿಡಿದು ನಿಂತವರ ಕಡೆಯಿಂದ ಈ ವಿಷಯ ನೋಡಿದ್ದೇನೆ. ಕದ್ದ ಗಾಡಿಯನ್ನು ಗೊತ್ತಿಲ್ಲದೆ ಕೊಂಡು, ಠಾಣೆಯ ಬೆಂಚಿನ ಮೇಲೆ ಕೂತು ಅತ್ತವರ ಕಡೆಯಿಂದಲೂ ನೋಡಿದ್ದೇನೆ. ಹಾಗಾಗಿ ಒಂದು ಮಾತು ಮೊದಲೇ ಹೇಳುತ್ತೇನೆ. ನಿಮಗೆ ಅಪಾಯ ಇರುವುದು ಆ ನಾಕಾದಿಂದ ಅಲ್ಲ. ನಿಮ್ಮ ಫೈಲಿನಲ್ಲಿರುವ ಸಹಿ ಮಾಡಿದ ಖಾಲಿ ಫಾರ್ಮ್‌ಗಳಿಂದ.

ಗೆಳೆಯ ಹೇಳಿದ್ದರಿಂದ ಶುರು ಮಾಡೋಣ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್, ಕಣ್ಣಿಗೆ ಕಾಣುವ ಸಂಚಾರ ಉಲ್ಲಂಘನೆ ಇಲ್ಲದಿದ್ದರೆ ಬರೀ ದಾಖಲೆ ನೋಡುವುದಕ್ಕೆ ಗಾಡಿ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ಬಹಿರಂಗವಾಗಿಯೇ ಹೇಳಿದ್ದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಪೊಲೀಸ್ ತಪಾಸಣೆ ವೇಳೆ ಒಂದು ಪುಟ್ಟ ಮಗು ಪ್ರಾಣ ಕಳೆದುಕೊಂಡಿತು. ಅದಾದ ಮೇಲೆ ಇಲಾಖೆ ಮತ್ತೆ ಸೂಚನೆ ಕೊಟ್ಟಿತು. ಗಾಡಿಗೆ ದಿಢೀರನೆ ಅಡ್ಡ ಬರಬಾರದು, ಬೆನ್ನಟ್ಟಬಾರದು, ಕೀ ಕಿತ್ತುಕೊಳ್ಳಬಾರದು. ಇವೆಲ್ಲ ಸರಿಯಾದ ಸೂಚನೆಗಳು. ಇವನ್ನು ಮುರಿಯುವ ಪೊಲೀಸರನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಈ ಮಾತುಗಳು ಬಂದದ್ದು ಸಂಚಾರ ತಪಾಸಣೆಯ ವಿಷಯದಲ್ಲಿ. ಹೆಲ್ಮೆಟ್, ಸೀಟ್ ಬೆಲ್ಟ್, ದಂಡ, ಇಂಥವು. ರಾತ್ರಿ ಹೆದ್ದಾರಿಯಲ್ಲಿ ನಡೆಯುವ ನಾಕಾಬಂದಿ ಬೇರೆ. ಅಲ್ಲಿ ಕಳ್ಳತನ, ದರೋಡೆ, ಗಾಂಜಾ, ಚುನಾವಣೆ ಬಂದರೆ ನಗದು, ಹೀಗೆ ಅಪರಾಧ ತಡೆಯುವುದೇ ಕೆಲಸ. ಅಪರಾಧ ನಡೆಯದಂತೆ ತಡೆಯುವ ಹೊಣೆಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೇ ಪೊಲೀಸರ ಮೇಲೆ ಹಾಕಿದೆ. ಆ ಕೆಲಸದಲ್ಲಿ ಅವರು ಕೊಡುವ ಕಾನೂನುಬದ್ಧ ಸೂಚನೆಯನ್ನು ಪಾಲಿಸಬೇಕು ಎಂದು ಅದರ 172ನೇ ಕಲಂ ಹೇಳುತ್ತದೆ. ಇನ್ನು ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. 158ನೇ ಕಲಂ ಇನ್ಶೂರೆನ್ಸ್, ಆರ್‌ಸಿಗಳಿಗೂ ಇದೇ ಮಾತು ಹೇಳುತ್ತದೆ. ನೀವು ತಪ್ಪು ಮಾಡಿರಬೇಕು ಎಂಬ ಷರತ್ತು ಅಲ್ಲಿಲ್ಲ. ಹಾಗಾಗಿ ಬ್ಯಾರಿಕೇಡ್ ಕಂಡರೂ ನಿಲ್ಲಿಸದೆ ಹೋಗುವ ಯೋಚನೆ ಬಿಟ್ಟುಬಿಡಿ. ಅಲ್ಲಿಂದ ಮುಂದಿನ ಠಾಣೆಗೆ ವೈರ್‌ಲೆಸ್ ಸಂದೇಶ ಹೋಗುತ್ತದೆ. ಬಿಳಿ ಕ್ರೆಟಾ, ಟಿಎಸ್ ನಂಬರ್, ನಿಲ್ಲಿಸದೆ ಓಡಿತು ಅಂತ. ಮುಂದಿನ ನಾಕಾದಲ್ಲಿ ನಿಮ್ಮ ಕಡೆ ಬರುವವರು ಅನುಮಾನ ಇಟ್ಟುಕೊಂಡೇ ಬರುತ್ತಾರೆ.

ಹಾಗಾದರೆ ನಿಮ್ಮನ್ನೇ ಯಾಕೆ ನಿಲ್ಲಿಸುತ್ತಾರೆ? ನಿಮ್ಮ ಮುಖ ನೋಡಿ ಅಲ್ಲ, ಗಾಡಿ ನೋಡಿ. ಕ್ರೆಟಾ, ಫಾರ್ಚೂನರ್, ಸ್ಕಾರ್ಪಿಯೋ, ಬ್ರೆಝಾ, ಇವು ಬೇಗ ಮಾರಾಟವಾಗುವ ಗಾಡಿಗಳು. ಬಿಡಿಭಾಗಕ್ಕೂ ಒಳ್ಳೆ ಬೆಲೆ. ಕಳ್ಳರಿಗೂ ಇವೇ ಬೇಕು. ಬಿಳಿ ಬಣ್ಣವಾದರೆ ಇನ್ನೂ ಸುಲಭ, ಯಾಕಂದರೆ ಅದೇ ಮಾದರಿಯ ಇನ್ನೊಂದು ಬಿಳಿ ಗಾಡಿ ಎಲ್ಲೆಡೆ ಸಿಗುತ್ತದೆ. ಇದರ ಜತೆಗೆ ನಮ್ಮ ಜಾಗದ ಗುಣವೂ ಇದೆ. ಬೀದರ್‌ಗೆ ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ. ಪುಣೆಯಿಂದ ಹೈದರಾಬಾದ್‌ಗೆ ಹೋಗುವ 65ನೇ ಹೆದ್ದಾರಿ ಬಸವಕಲ್ಯಾಣ, ಹುಮನಾಬಾದ್ ಹಾದು ಜಹೀರಾಬಾದ್ ಕಡೆ ಇಳಿಯುತ್ತದೆ. ಬೀದರ್‌ನಿಂದ ಕಲಬುರಗಿಗೆ ಬರುವ 50ನೇ ಹೆದ್ದಾರಿ ಅದನ್ನು ಹುಮನಾಬಾದ್‌ನಲ್ಲೇ ಕೂಡುತ್ತದೆ. ಇತ್ತ ಆಳಂದ, ಅಫಜಲಪುರ ದಾಟಿದರೆ ಮಹಾರಾಷ್ಟ್ರ. ಸೇಡಂ ದಾಟಿದರೆ ತೆಲಂಗಾಣ. ಒಂದು ರಾಜ್ಯದಲ್ಲಿ ಕದ್ದ ಗಾಡಿ, ಅಲ್ಲಿ ದೂರು ದಾಖಲಾಗುವ ಮೊದಲೇ ಇನ್ನೊಂದು ರಾಜ್ಯ ಸೇರಿಬಿಡಬಹುದು. ಹುಮನಾಬಾದ್ ಸುತ್ತಮುತ್ತ ರಾತ್ರಿ ನಾಕಾ ಹಾಕುವುದಕ್ಕೆ ಇದೇ ಕಾರಣ.

ಕಾಗದ ತೋರಿಸಿದ ಮೇಲೂ ಬಾನೆಟ್ ಯಾಕೆ ತೆಗೆಸುತ್ತಾರೆ? ಇದು ಸರಿಯಾದ ಪ್ರಶ್ನೆ. ಬಹಳ ಜನರಿಗೆ ಗೊತ್ತಿಲ್ಲದ ವಿಷಯವೂ ಹೌದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಳ್ಳ ಗಾಡಿ ಅಂದರೆ ಕಾಗದ ಇಲ್ಲದ ಗಾಡಿ ಎಂದು ನಾವು ತಿಳಿದಿರುತ್ತೇವೆ. ಪಳಗಿದ ತಂಡಗಳ ವಿಷಯದಲ್ಲಿ ಇದು ಉಲ್ಟಾ. ಅವರು ಮೊದಲು ಕೊಳ್ಳುವುದೇ ಕಾಗದವನ್ನು. ಅಪಘಾತದಲ್ಲಿ ಜಜ್ಜಿಹೋದ ಗಾಡಿಯ ರಿಪೇರಿ ಖರ್ಚು ವಿಮಾ ಮೌಲ್ಯದ ಶೇ 75ನ್ನು ಮೀರಿದರೆ ಇನ್ಶೂರೆನ್ಸ್ ಕಂಪನಿ ಅದನ್ನು ಟೋಟಲ್ ಲಾಸ್ ಎಂದು ಲೆಕ್ಕ ಹಾಕುತ್ತದೆ. ಮಾಲೀಕರಿಗೆ ದುಡ್ಡು ಹೋಗುತ್ತದೆ, ಗುಜರಿ ಗಾಡಿ ಹರಾಜಿಗೆ ಹೋಗುತ್ತದೆ. ಗಾಡಿ ನಾಶವಾಗಿದೆ ಎಂದು ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಆಗ ಆರ್‌ಸಿ ರದ್ದಾಗಬೇಕು. ಕಾಯ್ದೆಯ 55ನೇ ಕಲಂ ಇದನ್ನೇ ಹೇಳುತ್ತದೆ. ಎಷ್ಟೋ ಸಲ ಯಾರೂ ತಿಳಿಸುವುದಿಲ್ಲ. ಆರ್‌ಸಿ ಕಂಪ್ಯೂಟರಿನಲ್ಲಿ ಜೀವಂತವಾಗಿಯೇ ಉಳಿಯುತ್ತದೆ. ತಂಡದವರು ಆ ಗುಜರಿಯನ್ನು ಕಾಗದದ ಸಮೇತ ಕೊಳ್ಳುತ್ತಾರೆ. ಆಮೇಲೆ ಅದೇ ಮಾದರಿ, ಅದೇ ಬಣ್ಣ, ಅದೇ ವರ್ಷದ ಒಂದು ಗಾಡಿಯನ್ನು ಎಲ್ಲಿಂದಲೋ ಕದಿಯುತ್ತಾರೆ. ಅದರ ಚಾಸಿ ನಂಬರ್ ಉಜ್ಜಿ ಅಳಿಸಿ, ಗುಜರಿ ಗಾಡಿಯ ನಂಬರ್ ಹೊಡೆಯುತ್ತಾರೆ. ಈಗ ಆ ಕದ್ದ ಗಾಡಿಗೆ ಅಸಲಿ ಆರ್‌ಸಿ, ಇನ್ಶೂರೆನ್ಸ್, ನಂಬರ್ ಪ್ಲೇಟ್ ಎಲ್ಲ ಇದೆ. ಆ್ಯಪ್‌ನಲ್ಲಿ ನಂಬರ್ ಹಾಕಿದರೂ ಎಲ್ಲ ಸರಿಯಾಗೇ ತೋರಿಸುತ್ತದೆ. ಸುಳ್ಳು ಹೇಳುವುದು ಲೋಹ ಮಾತ್ರ.

ಅದಕ್ಕೇ ಅನುಭವ ಇರುವ ಪೊಲೀಸರು ಕಾಗದಕ್ಕಿಂತ ಲೋಹವನ್ನು ನಂಬುತ್ತಾರೆ. ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿಗಳು ಇರುತ್ತವೆ. ಇಂಗ್ಲಿಷಿನ ಐ, ಒ, ಕ್ಯೂ ಅದರಲ್ಲಿ ಬರುವುದೇ ಇಲ್ಲ, 1 ಮತ್ತು 0 ಜತೆ ಗೊಂದಲ ಆಗಬಾರದು ಅಂತ. ಮೊದಲ ಮೂರು ಅಕ್ಷರ ಗಾಡಿ ತಯಾರಿಸಿದ ಕಂಪನಿಯ ಗುರುತು. ಇಲ್ಲಿ ತಯಾರಾದ ಹ್ಯುಂಡೈಗೆ ಎಂಎಎಲ್, ಮಾರುತಿಗೆ ಎಂಎ3, ಮಹೀಂದ್ರಕ್ಕೆ ಎಂಎ1, ಟೊಯೊಟಾಗೆ ಎಂಬಿಜೆ. ಕ್ರೆಟಾ ಮೇಲೆ ಎಂಎ3 ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಅಂಕಿಗಳ ಆಳ ಒಂದೇ ಇದೆಯಾ, ಸಾಲು ನೇರ ಇದೆಯಾ, ಸುತ್ತಲಿನ ಬಣ್ಣ ಫ್ಯಾಕ್ಟರಿಯದಾ ಅಥವಾ ಮೇಲೆ ಹೊಡೆದದ್ದಾ, ಹತ್ತಿರ ವೆಲ್ಡಿಂಗ್ ಗುರುತು ಇದೆಯಾ ಎಂದು ನೋಡುತ್ತಾರೆ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಉಜ್ಜಿದ ಜಾಗ ಎದ್ದು ಕಾಣುತ್ತದೆ. ಆಮೇಲೆ ಮುಂದಿನ ಗಾಜಿನ ಒಳಗಿರುವ ಸ್ಟಿಕ್ಕರ್. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್) ಪ್ಲೇಟ್ ಜತೆ ಬರುವ ಈ ಮೂರನೇ ಗುರುತಿನಲ್ಲಿ ಎರಡೂ ಪ್ಲೇಟುಗಳ ಲೇಸರ್ ಸಂಖ್ಯೆ, ಎಂಜಿನ್ ನಂಬರ್, ಚಾಸಿ ನಂಬರ್ ಇರುತ್ತವೆ. ಡೀಸೆಲ್‌ಗೆ ಕಿತ್ತಳೆ ಬಣ್ಣ, ಪೆಟ್ರೋಲ್‌ಗೆ ತಿಳಿ ನೀಲಿ. ಡೀಸೆಲ್ ಗಾಡಿಯ ಗಾಜಿನ ಮೇಲೆ ನೀಲಿ ಸ್ಟಿಕ್ಕರ್ ಇದ್ದರೆ ಯಾರಿಗಾದರೂ ಅನುಮಾನ ಬರಲೇಬೇಕು.

ನಿಮ್ಮ ಗಾಡಿಯಲ್ಲಿ ಒಂದು ಅಂಕಿ ಮಸುಕಾಗಿದೆ ಅಂದರಲ್ಲ. ಅದರಿಂದಲೇ ಕಳ್ಳಮಾಲು ಅನ್ನುವಂತಿಲ್ಲ. ತುಕ್ಕು, ಎಣ್ಣೆ ಜಿಡ್ಡು, ಒತ್ತಡದ ನೀರಿನಿಂದ ತೊಳೆದದ್ದು, ಸರ್ವಿಸ್‌ನಲ್ಲಿ ಹೊಡೆದ ಕಪ್ಪು ಬಣ್ಣ, ಇವು ಯಾವುದರಿಂದಲಾದರೂ ಹಾಗೆ ಆಗಬಹುದು. ತುಕ್ಕು ಹಿಡಿದರೆ ಅಕ್ಕಪಕ್ಕದ ಲೋಹವೂ ಒರಟಾಗಿರುತ್ತದೆ. ಬೇಕೆಂದೇ ಉಜ್ಜಿದರೆ ಒಂದೆರಡು ಅಂಕಿಯ ಸುತ್ತ ಮಾತ್ರ ತಗ್ಗು ಬಿದ್ದು ನುಣುಪಾಗಿರುತ್ತದೆ. ಅನುಮಾನ ಗಟ್ಟಿಯಾದರೆ ವಿಧಿವಿಜ್ಞಾನ ಪ್ರಯೋಗಾಲಯ ಇದೆ, ಕಲಬುರಗಿಯಲ್ಲೇ ಪ್ರಾದೇಶಿಕ ಕೇಂದ್ರ ಇದೆ. ಲೋಹದ ಮೇಲೆ ಅಂಕಿ ಒತ್ತಿದಾಗ ಅದರ ಕೆಳಗಿನ ಪದರವೂ ಬಿಗಿಯಾಗಿರುತ್ತದೆ. ಮೇಲಿನ ಅಂಕಿ ಅಳಿಸಿದರೂ ಆ ಒತ್ತಡದ ಗುರುತು ಒಳಗೆ ಉಳಿಯುತ್ತದೆ. ರಾಸಾಯನಿಕ ಹಚ್ಚಿದರೆ, ತೀರಾ ಆಳಕ್ಕೆ ಉಜ್ಜಿರದಿದ್ದರೆ, ಹಳೆ ಅಂಕಿ ಮತ್ತೆ ಕಾಣುತ್ತದೆ. ಕಳ್ಳರಿಗೆ ದೊಡ್ಡ ತಲೆನೋವು ಇದು.

ನೀವು ಅಲ್ಲಿಯವರೆಗೆ ಹೋಗಬೇಕಿಲ್ಲ. ಮೊದಲು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಗಾಡಿ ಒಯ್ಯಿರಿ. ಅವರ ಸ್ಕ್ಯಾನರ್ ಹಚ್ಚಿದರೆ ಗಾಡಿಯ ಕಂಪ್ಯೂಟರಿನಲ್ಲಿರುವ ಚಾಸಿ ನಂಬರ್ ತೋರಿಸುತ್ತದೆ. ಅದು, ಲೋಹದ ಮೇಲಿನದು, ಆರ್‌ಸಿಯಲ್ಲಿರುವುದು, ಮೂರೂ ಒಂದೇ ಇರಬೇಕು. ಆ ನಂಬರಿನ ಸರ್ವಿಸ್ ಇತಿಹಾಸವನ್ನೂ ಕೇಳಿ. ಒಂದು ದೊಡ್ಡ ಅಪಘಾತದ ದಾಖಲೆ ಇದ್ದು, ಅದಾದ ಮೇಲೆ ವರ್ಷಗಟ್ಟಲೆ ಏನೂ ಇಲ್ಲದೆ, ಆಮೇಲೆ ಗಾಡಿ ಹೊಸದರಂತೆ ಎದ್ದು ಬಂದಿದ್ದರೆ ಹುಷಾರಾಗಿ. ಹಳೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಎಷ್ಟಿತ್ತು ನೋಡಿ. ದಿಢೀರನೆ ಸೊನ್ನೆಯಾಗಿದ್ದರೆ ಕ್ಲೇಮ್ ಏನಿತ್ತು ಎಂದು ವಿಚಾರಿಸಿ. ಇನ್ನೊಂದು ಕೆಲಸ ಮನೆಯಲ್ಲೇ ಕೂತು ಮಾಡಬಹುದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ನಾಗರಿಕ ಸೇವೆಯ ಜಾಲತಾಣದಲ್ಲಿ ವೆಹಿಕಲ್ ಎನ್‌ಒಸಿ ಎಂಬ ಸೌಲಭ್ಯ ಇದೆ. ನೋಂದಣಿ, ಚಾಸಿ, ಎಂಜಿನ್ ನಂಬರ್ ಹಾಕಿದರೆ ಆ ಗಾಡಿ ಕಳವಾದ ದಾಖಲೆ ದೇಶದಲ್ಲಿ ಎಲ್ಲಾದರೂ ಇದೆಯಾ ಎಂದು ಗೊತ್ತಾಗುತ್ತದೆ. ಕಂಪ್ಯೂಟರಿನಿಂದ ಬಂದ ಚಾಸಿ ನಂಬರ್ ಬೇರೆ ಇದ್ದರೆ ಅದನ್ನೂ ಹಾಕಿ ನೋಡಿ. ಕಣ್ಣಿಗೆ ಕಾಣುವ ನಂಬರ್ ಮಾತ್ರ ಹಾಕಿದರೆ ಗುಜರಿ ಗಾಡಿಯ ಕಾಗದ ಹಚ್ಚಿದ ಕಳ್ಳಮಾಲು ಸಿಕ್ಕಿಬೀಳುವುದಿಲ್ಲ.

ಈಗ ಬೇಸರದ ಮಾತಿಗೆ ಬರುತ್ತೇನೆ. ನಿಮ್ಮ ಆರ್‌ಸಿ.

ಹೈದರಾಬಾದ್‌ನಿಂದ ಗಾಡಿ ತರುವುದು ನಮ್ಮ ಕಡೆ ಹೊಸದಲ್ಲ. ಆಸ್ಪತ್ರೆ, ಮದುವೆ ಸಾಮಾನು, ನೆಂಟಸ್ತಿಕೆ, ವ್ಯಾಪಾರ, ಎಲ್ಲಕ್ಕೂ ನಮಗೆ ಆ ಊರು ಬೇಕು. ಅಲ್ಲಿ ಆಯ್ಕೆ ಜಾಸ್ತಿ. ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ಹೆಚ್ಚಿರುವ ತೆರಿಗೆಗಳಲ್ಲಿ ಒಂದು. ಹಾಗಾಗಿ ಜನ ಹೊರ ರಾಜ್ಯದ ನಂಬರ್‌ನಲ್ಲೇ ಓಡಿಸುತ್ತಾ ಹೋಗುತ್ತಾರೆ. ‘ಎನ್‌ಒಸಿ ಬರುತ್ತೆ ಸಾಹೇಬರೇ, ಅಲ್ಲಿವರೆಗೆ ಓಡಿಸ್ಕೊಳ್ಳಿ’ ಎಂದು ದಲ್ಲಾಳಿ ಹೇಳುತ್ತಾನೆ. ವರ್ಷ ಕಳೆದರೂ ಆ ಎನ್‌ಒಸಿ, ಅಂದರೆ ಗಾಡಿಯನ್ನು ಬೇರೆ ರಾಜ್ಯಕ್ಕೆ ವರ್ಗಾಯಿಸಲು ಅಲ್ಲಿಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಬರುವುದಿಲ್ಲ. ದಲ್ಲಾಳಿ ಫೋನ್ ಎತ್ತುವುದಿಲ್ಲ.

ಕಾನೂನು ಏನು ಹೇಳುತ್ತದೆ ನೋಡಿ. ಗಾಡಿ ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಬೇಕು. ನೀವು ಎರಡೂ ಗಡುವು ದಾಟಿದ್ದೀರಿ. ಸಹಿ ಮಾಡಿದ ಫಾರ್ಮ್ ಮತ್ತು ಬಾಂಡ್ ಪೇಪರ್ ಇಟ್ಟುಕೊಂಡರೆ ಮಾಲೀಕರಾಗುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಡಿ ಕೈಬದಲಾಗಿದ್ದರೂ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಹೇಳಿತು. ಅಂದರೆ ನಿಮ್ಮ ಗಾಡಿ ಯಾರಿಗಾದರೂ ಗುದ್ದಿದರೆ ಹೈದರಾಬಾದ್‌ನ ಆ ಮಾಲೀಕರಿಗೆ ನೋಟಿಸ್ ಹೋಗುತ್ತದೆ. ಅವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಇನ್ನೂ ಕೆಟ್ಟದ್ದು ಇನ್ಶೂರೆನ್ಸ್ ವಿಷಯ. ಪಾಲಿಸಿಯೂ ಹಳೆ ಹೆಸರಿನಲ್ಲೇ ಇರಬೇಕು, ಅಲ್ವಾ? ಗಾಡಿ ಮಾರಿದಾಗ ಮೂರನೆಯವರಿಗೆ ಕೊಡುವ ಪರಿಹಾರದ ಭಾಗ ಹೊಸಬರಿಗೆ ತಾನಾಗಿ ಬರುತ್ತದೆ. ಸ್ವಂತ ಗಾಡಿಯ ಹಾನಿ, ಕಳವಿನ ಭಾಗ ಹಾಗೆ ಬರುವುದಿಲ್ಲ. 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಹೆಸರು ಬದಲಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಇವತ್ತು ರಾತ್ರಿ ನಿಮ್ಮ ಕ್ರೆಟಾ ಕಳವಾದರೆ ನಿಮಗೆ ಕ್ಲೇಮ್ ಸಿಗುವುದು ಬಹಳ ಕಷ್ಟ. ಕಳವಾಗುವ ಭಯ ನಿಮಗೂ ಇರಬೇಕಲ್ಲ. ಪೊಲೀಸರಿಗೆ ಅನುಮಾನ ತರಿಸುವ ಮಾದರಿಯನ್ನೇ ಕಳ್ಳರೂ ಹುಡುಕುತ್ತಾರೆ. ಇದಕ್ಕಿಂತ ನೀಚವಾದ ಮೋಸವೂ ಇದೆ. ಮಾರಿದವನೇ ಎರಡನೇ ಕೀ ಇಟ್ಟುಕೊಂಡು, ಗಾಡಿಯಲ್ಲಿ ಜಿಪಿಎಸ್ ಅಡಗಿಸಿ, ಆಮೇಲೆ ಬಂದು ಎತ್ತಿಕೊಂಡು ಹೋಗುತ್ತಾನೆ. ಆರ್‌ಸಿ ಅವನದೇ ಕಡೆಯವರದು. ನೀವು ದೂರು ಕೊಡಲು ಹೋದರೆ ಮಾಲೀಕ ನಾನು ಎಂದು ತೋರಿಸಲು ಬಾಂಡ್ ಪೇಪರ್ ಬಿಟ್ಟರೆ ಏನೂ ಇಲ್ಲ. ನಿಮಗೆ ಎರಡೂ ಕೀ ಕೊಟ್ಟಿದ್ದಾರಾ? ಇವತ್ತೇ ನೋಡಿಕೊಳ್ಳಿ.

ನಾಕಾದಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡುವವರು ನಿಮ್ಮಂಥವರೇ. ಪಳಗಿದ ಕಳ್ಳ ಅಚ್ಚುಕಟ್ಟಾದ ಕಾಗದ ಇಟ್ಟುಕೊಂಡಿರುತ್ತಾನೆ. ನಿಯತ್ತಿನ ಮನುಷ್ಯ ಇನ್ನೊಬ್ಬರ ಹೆಸರಿನ ಆರ್‌ಸಿ ಹಿಡಿದು ತೊದಲುತ್ತಾನೆ. ಇದು ಅನ್ಯಾಯ ಅನ್ನಿಸುತ್ತದೆ, ನಿಜ. ಆದರೆ ಇದನ್ನು ಸರಿ ಮಾಡುವುದು ನಿಮ್ಮ ಕೈಯಲ್ಲೇ ಇದೆ.

ನಿಮ್ಮ ಮುಂದಿನ ದಾರಿಗಳಲ್ಲಿ ಒಂದು, ಈಗಿರುವಂತೆ ಓಡಿಸುವುದು. ಅದರ ಅಪಾಯ ಹೇಳಿದ್ದೇನೆ. ಇನ್ನೊಂದು, ಹೀಗೇ ಇನ್ನೊಬ್ಬರಿಗೆ ಮಾರಿಬಿಡುವುದು. ದಯವಿಟ್ಟು ಮಾಡಬೇಡಿ. ಅನುಮಾನ ಇರುವ ಗಾಡಿಯನ್ನು ಪರೀಕ್ಷೆ ಮಾಡಿಸದೆ ದಾಟಿಸಿದರೆ, ನಾಳೆ ಅದು ಕಳವಿನದೆಂದು ಗೊತ್ತಾದಾಗ ಸರಪಳಿಯಲ್ಲಿ ನಿಮ್ಮ ಹೆಸರೂ ಇರುತ್ತದೆ. ‘ಅನುಮಾನ ಇತ್ತು, ಆದರೂ ಮಾರಿದರು’ ಅನ್ನುವುದು ನ್ಯಾಯಾಲಯದಲ್ಲಿ ಕೆಟ್ಟದಾಗಿ ಕೇಳಿಸುತ್ತದೆ.

ಪರೀಕ್ಷೆಯಲ್ಲಿ ಎಲ್ಲ ಸರಿ ಬಂದರೆ ಮಾಡಬೇಕಾದದ್ದು ಗಾಡಿಯನ್ನು ನಿಮ್ಮ ಹೆಸರಿಗೆ, ಕಲಬುರಗಿಯ ಕೆಎ 32 ನಂಬರಿಗೆ ತರುವುದು. ಹಳೆ ಮಾಲೀಕರನ್ನು ನೇರವಾಗಿ ಹುಡುಕಿ, ದಲ್ಲಾಳಿಯನ್ನು ನಂಬಿ ಕೂರಬೇಡಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದೆ ಎಂದು ತೋರಿಸುವ ಫಾರ್ಮ್ 35 ಬೇಕು. ಆ ಬ್ಯಾಂಕಿಗೇ ಹೋಗಿ ಖಾತ್ರಿ ಮಾಡಿಕೊಳ್ಳಿ, ಯಾಕಂದರೆ ನಕಲಿ ಫಾರ್ಮ್ 35 ಓಡಾಡುತ್ತವೆ. ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಬಾಕಿ ಚಲನ್ ಇದ್ದರೆ ಅದರ ಪಾವತಿ, ಇಲ್ಲಿ ಆಜೀವ ತೆರಿಗೆ, ಹೊಸ ಎಚ್‌ಎಸ್‌ಆರ್‌ಪಿ, ಕೊನೆಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ. ತಡವಾದದ್ದಕ್ಕೆ ದಂಡವೂ ಬೀಳುತ್ತದೆ. ತೆರಿಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ, ಆದರೂ ಮೊತ್ತ ನೋಡಿ ಎದೆ ಧಸಕ್ಕೆನ್ನಬಹುದು. ಆಮೇಲೆ ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲು ವಾಪಸ್ ಕೇಳಬಹುದು, ಅದು ನಿಧಾನದ ಕೆಲಸ. ಖರ್ಚಾಗುತ್ತದೆ, ಓಡಾಟ ಇದೆ. ಆದರೂ ಇದನ್ನೇ ಮಾಡಿ.

ಟಿಎಸ್ ಬಗ್ಗೆ ಒಂದು ಮಾತು. 2024ರ ಮಾರ್ಚ್‌ನಿಂದ ತೆಲಂಗಾಣದ ಹೊಸ ಗಾಡಿಗಳಿಗೆ ಟಿಜಿ ಬರುತ್ತಿದೆ. ಹಳೆ ಟಿಎಸ್ ಹಾಗೇ ನಡೆಯುತ್ತದೆ. ಕೆಲವರು ತಾವೇ ಪ್ಲೇಟ್ ಮೇಲೆ ಟಿಜಿ ಎಂದು ಬರೆಸಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಪ್ಲೇಟ್ ಒಂದು ಹೇಳುತ್ತದೆ, ಆರ್‌ಸಿ ಇನ್ನೊಂದು ಹೇಳುತ್ತದೆ.

ಪರೀಕ್ಷೆಯಲ್ಲಿ ನಂಬರ್ ಹೊಂದದಿದ್ದರೆ? ಆಗ ಗಾಡಿ ಓಡಿಸುವುದನ್ನು ನಿಲ್ಲಿಸಿ. ಒಬ್ಬ ವಕೀಲರನ್ನು ಕರೆದುಕೊಂಡು, ಕರಾರು, ದುಡ್ಡು ಕೊಟ್ಟ ಬ್ಯಾಂಕ್ ದಾಖಲೆ, ದಲ್ಲಾಳಿ ಜತೆಗಿನ ವಾಟ್ಸ್‌ಆ್ಯಪ್ ಮಾತು, ಎಲ್ಲ ತೆಗೆದುಕೊಂಡು ನೀವೇ ಠಾಣೆಗೆ ಹೋಗಿ. ಕದ್ದ ಮಾಲು ಎಂದು ಗೊತ್ತಿದ್ದೂ ಇಟ್ಟುಕೊಂಡರೆ, ಅಥವಾ ನಂಬಲು ಕಾರಣ ಇದ್ದೂ ಇಟ್ಟುಕೊಂಡರೆ ಮಾತ್ರ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಹಾಗೆ ಹೇಳುತ್ತದೆ. ತಾವಾಗಿ ಬಂದವರನ್ನು ನೋಡುವ ರೀತಿ ಬೇರೆ, ನಾಕಾದಲ್ಲಿ ಸಿಕ್ಕವರನ್ನು ನೋಡುವ ರೀತಿ ಬೇರೆ. ಗಾಡಿ ಮಾತ್ರ ಉಳಿಯುವುದಿಲ್ಲ, ಇದನ್ನು ಮುಚ್ಚಿಡದೆ ಹೇಳುತ್ತೇನೆ. ಮಾರಿದವನಿಗೇ ಹಕ್ಕು ಇರದಿದ್ದರೆ ಕೊಂಡವರಿಗೂ ಬರುವುದಿಲ್ಲ. ಅದು ಕಳಕೊಂಡವರಿಗೆ ಅಥವಾ ಕ್ಲೇಮ್ ಕೊಟ್ಟ ಇನ್ಶೂರೆನ್ಸ್ ಕಂಪನಿಗೆ ಹೋಗುತ್ತದೆ. ನಿಮ್ಮ ದುಡ್ಡಿಗೆ ದಲ್ಲಾಳಿ ಮತ್ತು ಮಾರಿದವನ ಮೇಲೆ ವಂಚನೆ ದೂರು, ಸಿವಿಲ್ ದಾವೆ ಹಾಕಬೇಕು. ಬ್ಯಾಂಕಿನ ಮೂಲಕ ಕೊಟ್ಟಿದ್ದರೆ ದಾರಿ ಇದೆ. ನಗದು ಕೊಟ್ಟಿದ್ದರೆ ಕಷ್ಟ.

ಎರಡನೇ ಗೆಳೆಯ ಹೇಳಿದ ದುಡ್ಡಿನ ಮಾತು. ಹಾಗೆ ಕೇಳುವವರು ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ದಂಡ ಇದ್ದರೆ ಚಲನ್ ಇರಬೇಕು. ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಜಾಗ, ಸಮಯ, ಎದೆ ಮೇಲಿನ ಹೆಸರು ನೆನಪಿಟ್ಟುಕೊಂಡು ಎಸ್‌ಪಿ ಕಚೇರಿಗೆ ಅಥವಾ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಿ. ನಾಕಾದಲ್ಲಿ ಕಾಗದ ಕೇಳುವುದು, ನಂಬರ್ ನೋಡುವುದು ಸರಿ. ಡಿಕ್ಕಿ ತೆಗೆಸಿ, ಬ್ಯಾಗ್ ಬಿಚ್ಚಿ ತಡಕಾಡುವುದಕ್ಕೆ ಮಾತ್ರ ಕಾರಣ ಬೇಕು. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ‘ವಿಡಿಯೊ ಆಗ್ತಿದೆಯಾ ಸರ್?’ ಎಂದು ಶಾಂತವಾಗಿ ಕೇಳಿ. ಗಾಡಿ ವಶಕ್ಕೆ ತೆಗೆದುಕೊಂಡರೆ ಜಪ್ತಿ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಅದು ಮ್ಯಾಜಿಸ್ಟ್ರೇಟರಿಗೆ ವರದಿಯಾಗಬೇಕು. ನಿಮ್ಮ ದಾಖಲೆ ಸರಿ ಇದ್ದರೆ ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಬಾಂಡ್ ಮೇಲೆ ಬಿಡಿಸಿಕೊಳ್ಳಬಹುದು. ಗಾಡಿಗಳನ್ನು ಠಾಣೆಯ ಮುಂದೆ ಬಹಳ ದಿನ ಕೊಳೆಸಬಾರದು ಎಂದು 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಿದ್ದರೂ ಎಷ್ಟು ಠಾಣೆಗಳ ಮುಂದೆ ಗಾಡಿಗಳು ತುಕ್ಕು ಹಿಡಿದು ನಿಂತಿವೆ, ನೋಡಿದರೆ ನನಗೆ ಸಂಕಟವಾಗುತ್ತದೆ.

ಪೊಲೀಸ್ ಗೆಳೆಯರು ಇದನ್ನು ಓದಿದರೆ ಅವರಿಗೂ ಒಂದು ಮಾತು. ಗಾಡಿಯಲ್ಲಿ ಮಕ್ಕಳಿದ್ದಾಗ ‘ಈ ಮಾದರಿಯ ಗಾಡಿ ಕಳವು ಜಾಸ್ತಿ ಆಗ್ತಿದೆ, ಎರಡು ನಿಮಿಷ ನಂಬರ್ ನೋಡ್ತೀವಿ’ ಎಂದು ಮೊದಲೇ ಹೇಳಿದರೆ ಏನೂ ಕಳೆದುಹೋಗುವುದಿಲ್ಲ. ಹಾಗೆ ಹೇಳಿದರೆ ಜನ ತಾವೇ ಬಾನೆಟ್ ಎತ್ತಿ ತೋರಿಸುತ್ತಾರೆ.

ಕೊನೆಯದು, ನಿಮ್ಮ ಹೆಂಡತಿಯ ವಿಷಯ. ಬ್ಯಾರಿಕೇಡ್, ಸಮವಸ್ತ್ರ, ಇಲಾಖೆಯ ಗಾಡಿ, ಬೆಳಕು, ಇವೆಲ್ಲ ಇದ್ದರೆ ನಿಲ್ಲಿಸಲಿ. ಬಾಗಿಲು ಲಾಕ್ ಇರಲಿ, ಗಾಜು ಸ್ವಲ್ಪ ಇಳಿಸಿ ಮಾತಾಡಲಿ. ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲೇ ತೋರಿಸಬಹುದು, ಕಾನೂನಿನಲ್ಲಿ ಅದಕ್ಕೆ ಮಾನ್ಯತೆ ಇದೆ. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಆರ್‌ಸಿ ಹೆಸರು ಬದಲಾಗುವವರೆಗೆ ಕರಾರಿನ ಪ್ರತಿಯೂ ಗಾಡಿಯಲ್ಲಿರಲಿ. ಕತ್ತಲಲ್ಲಿ, ಸಮವಸ್ತ್ರ ಇಲ್ಲದವರು, ಬರೀ ಒಂದು ಬೈಕ್ ಅಡ್ಡ ಇಟ್ಟು ಕೈ ಮಾಡಿದರೆ ಅಲ್ಲಿ ನಿಲ್ಲುವುದು ಬೇಡ. ನಿಧಾನವಾಗಿ ಮುಂದೆ ಸಾಗಿ, 112ಕ್ಕೆ ಫೋನ್ ಮಾಡಿ, ಎಲ್ಲಿದ್ದೇನೆ, ಯಾಕೆ ನಿಲ್ಲಿಸಿಲ್ಲ ಎಂದು ಹೇಳಿ, ಹತ್ತಿರದ ಪೆಟ್ರೋಲ್ ಬಂಕ್ ಅಥವಾ ಟೋಲ್‌ನಲ್ಲಿ ನಿಲ್ಲಿಸಲಿ. ಹಾಗೆ ಫೋನ್ ಮಾಡಿದ ದಾಖಲೆ ಇದ್ದರೆ, ನಿಜವಾದ ಪೊಲೀಸರೇ ಹಿಂದೆ ಬಂದರೂ ಅವರಿಗೆ ಉತ್ತರ ಕೊಡುವುದು ಸುಲಭ.